ರಜೆಯಲ್ಲಿರುವ ವಿದ್ಯಾರ್ಥಿ ನಿರುದ್ಯೋಗಿಯೆ?

ಬೇಸಿಗೆಯ ರಜೆ ಬಂತೆಂದರೆ ಅಹಮದಾಬಾದು, ವಡೋದರಾ, ಸೂರತ್ತಿನ ಕಾಲೇಜುಗಳಲ್ಲಿ ಓದುವ ನಮ್ಮ ಮಕ್ಕಳು ಪುಸ್ತಕ ಕಟ್ಟಿಟ್ಟು ಮನೆಯಲ್ಲಿ ಕೂರುತ್ತಾರೆ. ತಂದೆ ಹೋಟೆಲಿನ ಒಲೆಯ ಮುಂದೆಯೋ ಗಿರಣಿಯ ರಾತ್ರಿ ಪಾಳಿಯಲ್ಲೋ ದುಡಿಯುತ್ತಿರುತ್ತಾನೆ. ಜೂನ್ ತಿಂಗಳ ಫೀಸಿನ ಚಿಂತೆ ತಾಯಿಯನ್ನು ಕಾಡುತ್ತಿರುತ್ತದೆ. "ಸರಕಾರ ನಿರುದ್ಯೋಗ ಭತ್ಯೆ ಕೊಡುತ್ತದಂತೆ. ರಜೆಯ ದಿನಗಳಲ್ಲಿ ನಮ್ಮ ಹುಡುಗನೂ ನಿರುದ್ಯೋಗಿಯೇ ಅಲ್ಲವೇ?" ಎಂದು ಬಂಧುಗಳು ನಮ್ಮನ್ನು ಕೇಳುತ್ತಾರೆ.

ಪ್ರಶ್ನೆ ಸಹಜವಾದುದು. ಆದರೆ ಸುಳ್ಳು ಆಸೆ ಹುಟ್ಟಿಸುವುದು ನಮ್ಮ ಕೆಲಸವಲ್ಲ. ಓದು ಮುಂದುವರಿಸಿರುವ ವಿದ್ಯಾರ್ಥಿಗೆ ರಜೆಯ ಅವಧಿಗೆಂದು ಅಂಥ ಭತ್ಯೆ ದೊರೆಯುವುದಿಲ್ಲ.

ಕರ್ನಾಟಕ ಸರಕಾರದ ಯುವನಿಧಿಯ ಹೆಸರನ್ನು ಎಲ್ಲರೂ ಕೇಳಿದ್ದಾರೆ. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಅದರ ಹಣ ಹಂಚಿಕೆ ಆರಂಭವಾಯಿತು. ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಪಡೆದವರಿಗೆ 1,500 ರೂಪಾಯಿ, ಹೆಚ್ಚೆಂದರೆ ಎರಡು ವರ್ಷ. ಆದರೆ ತೇರ್ಗಡೆಯಾಗಿ 180 ದಿನ ಕಳೆದರೂ ಕೆಲಸ ಸಿಕ್ಕದವರಿಗೆ ಮಾತ್ರ ಅದು. ಉನ್ನತ ವ್ಯಾಸಂಗಕ್ಕೆ ಸೇರಿದವರಿಗೆ ಇಲ್ಲ. ಜೊತೆಗೆ ಕರ್ನಾಟಕದಲ್ಲಿ ಕನಿಷ್ಠ 6 ವರ್ಷ ಓದಿರಬೇಕೆಂಬ ನಿಯಮವೂ ಇದೆ. ಒಂದನೆಯ ತರಗತಿಯಿಂದ ಪದವಿಯವರೆಗೆ ಗುಜರಾತಿನಲ್ಲೇ ಕಲಿತ ನಮ್ಮ ಮಕ್ಕಳು, ಮನೆಯಲ್ಲಿ ಎಷ್ಟು ಕನ್ನಡ ಆಡಿದರೂ, ಆ ಬಾಗಿಲಿನ ಹೊರಗೇ ನಿಲ್ಲಬೇಕು.

ಇನ್ನು ಕಾರ್ಮಿಕರ ರಾಜ್ಯ ವಿಮೆ, ಅಂದರೆ ಇಎಸ್‌ಐ. ಅದರ ಅಟಲ್ ಯೋಜನೆ 2018ರಲ್ಲಿ ಬಂತು. ಕೆಲಸ ಕಳೆದುಕೊಂಡ ವಿಮಾದಾರನಿಗೆ ಮೊದಲು ಸರಾಸರಿ ಕೂಲಿಯ ನೂರಕ್ಕೆ 25ರಷ್ಟು ಭತ್ಯೆ ಗೊತ್ತುಮಾಡಿದ್ದರು. 2020ರ ಸಂಕಟಕಾಲದಲ್ಲಿ ಅದನ್ನು ನೂರಕ್ಕೆ 50ಕ್ಕೆ ಏರಿಸಿದರು. ಅದೂ 90 ದಿನಗಳ ಮಟ್ಟಿಗೆ. ಇದು ವಂತಿಗೆ ಕಟ್ಟಿದವನ ಹಕ್ಕು. ಎಂದೂ ಹಾಜರಿ ಪುಸ್ತಕದಲ್ಲಿ ಹೆಸರು ಬೀಳದ ವಿದ್ಯಾರ್ಥಿ ಇದನ್ನು ಕೇಳುವಂತಿಲ್ಲ.

ಪರದೇಶದಲ್ಲಿ ಹೀಗಿರಲಿಲ್ಲವೇ ಎಂದು ಓದಿದ ಹುಡುಗರು ಕೇಳಬಹುದು. ಬ್ರಿಟನ್ನಿನಲ್ಲಿ ವಿದ್ಯಾರ್ಥಿಗಳು ಬೇಸಿಗೆಯ ದೀರ್ಘ ರಜೆಯಲ್ಲಿ ಸರಕಾರಿ ಭತ್ಯೆ ಪಡೆಯುತ್ತಿದ್ದ ಕಾಲವೊಂದಿತ್ತು. 1990ರಲ್ಲಿ ಅಲ್ಲಿನ ಸರಕಾರ ವಿದ್ಯಾರ್ಥಿ ಸಾಲವನ್ನು ತಂದು, ಆ ಭತ್ಯೆಯ ಬಾಗಿಲನ್ನು ಬಹುಪಾಲು ವಿದ್ಯಾರ್ಥಿಗಳಿಗೆ ಮುಚ್ಚಿತು. ಕೊಟ್ಟ ಕೈಯೇ ಕಿತ್ತುಕೊಳ್ಳಲೂ ಬಲ್ಲದು ಎಂಬುದನ್ನು ನಾವು ಮರೆಯಬಾರದು.

ಹಾಗಾದರೆ ನಮ್ಮ ದಾರಿ ಯಾವುದು? ನಾವು ಬಾಳುತ್ತಿರುವ ಈ ಅಹಮದಾಬಾದೇ ಒಂದು ಪಾಠ ಹೇಳುತ್ತದೆ. 1918ರಲ್ಲಿ ಗಿರಣಿಗಳಿಗೆ ಬೀಗ ಬಿದ್ದು ಕಾರ್ಮಿಕರು ಉಪವಾಸ ಬಿದ್ದಾಗ, ಅವರು ದಾನದ ಹಣದಿಂದ ಬದುಕುವುದನ್ನು ಗಾಂಧೀಜಿ ಒಪ್ಪಲಿಲ್ಲ. ಸಾಬರಮತಿ ಆಶ್ರಮದ ನೇಯ್ಗೆ ಶಾಲೆಯ ಅಡಿಪಾಯಕ್ಕೆ ಮರಳು ಬೇಕಾಗಿತ್ತು. ಕಾರ್ಮಿಕರು ಆ ಮರಳು ಹೊತ್ತು ಕೂಲಿ ಪಡೆದರು. ಸಾಹುಕಾರರ ಮನೆಯ ಅನಸೂಯಾಬೆನ್ ಸಾರಾಭಾಯಿಯವರೇ ತಲೆಯ ಮೇಲೆ ಬುಟ್ಟಿ ಹೊತ್ತು ಮುಂದೆ ನಡೆದರು. ಕೆಲಸ ಕೊಡಿ, ಕೂಲಿ ಕೊಡಿ ಎಂಬುದೇ ಅಂದಿನ ನೀತಿ. ರಜೆಯ ವಿದ್ಯಾರ್ಥಿಯ ವಿಷಯದಲ್ಲಿ ನಮ್ಮ ಬೇಡಿಕೆಯೂ ಅದೇ.

ನಮ್ಮ ಹುಡುಗರು ರಜೆಯಲ್ಲಿ ಸುಮ್ಮನೆ ಕೂರುವವರಲ್ಲ. ಹೋಟೆಲಿನ ಗಲ್ಲಾದಲ್ಲಿ ಕೂರುತ್ತಾರೆ, ತಟ್ಟೆ ಹೊರುತ್ತಾರೆ, ಸೂರತ್ತಿನ ಮಗ್ಗದ ಶೆಡ್ಡುಗಳಲ್ಲಿ ದುಡಿಯುತ್ತಾರೆ. ಆದರೆ ಅವರ ಹೆಸರು ಯಾವ ಪುಸ್ತಕದಲ್ಲಿಯೂ ಇರುವುದಿಲ್ಲ. "ನಮ್ಮೂರಿನ ಹುಡುಗ, ಕೈಖರ್ಚಿಗೆ ಏನಾದರೂ ಕೊಟ್ಟರಾಯಿತು" ಎಂದು ಧಣಿಗಳು ಹೇಳುತ್ತಾರೆ. ತಂದೆಯೂ ದಾಕ್ಷಿಣ್ಯಕ್ಕೆ ಸಿಕ್ಕಿ ತಲೆಯಾಡಿಸುತ್ತಾನೆ. ಕುದಿಯುವ ಎಣ್ಣೆ ಕೈಮೇಲೆ ಬಿದ್ದ ದಿನ ಈ ದಾಕ್ಷಿಣ್ಯದ ಬೆಲೆ ತಿಳಿಯುತ್ತದೆ. ಹತ್ತು ಜನ ದುಡಿಯುವ ಕಡೆ ವಿಮೆಗೆ ಸೇರಿದ ಕಾರ್ಮಿಕನಿಗೆ ಕೆಲಸದಲ್ಲಿ ಗಾಯವಾದರೆ, ಅವನು ಸೇರಿದ್ದು ನಿನ್ನೆಯಾಗಿದ್ದರೂ ಇಎಸ್‌ಐ ರಕ್ಷಣೆಯುಂಟು. ಕೂಲಿಯ ನೂರಕ್ಕೆ 90ರಷ್ಟು ಪರಿಹಾರವುಂಟು. ಆದರೆ ಹೆಸರೇ ಬರೆಯದಿದ್ದರೆ, ಇವನು ನಮ್ಮಲ್ಲಿ ದುಡಿದವನೇ ಅಲ್ಲ ಎಂದುಬಿಡುವುದು ಸುಲಭ.

ಇದರ ಖರ್ಚಾದರೂ ಎಷ್ಟು? 2019ರ ಜುಲೈಯಲ್ಲಿ ಗೊತ್ತುಪಡಿಸಿದ ದರದಂತೆ 10,000 ರೂಪಾಯಿ ಪಗಾರಕ್ಕೆ ಕಾರ್ಮಿಕನ ವಂತಿಗೆ 75 ರೂಪಾಯಿ, ಮಾಲೀಕನದು 325 ರೂಪಾಯಿ. ಇಷ್ಟಕ್ಕೆ ಹಿಂಜರಿಯುವ ಧಣಿಯನ್ನು ನಮ್ಮವನೆಂದು ಹೇಗೆ ಕರೆಯೋಣ?

ಆದುದರಿಂದ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟು. ಹದಿನೆಂಟು ತುಂಬಿದ ಮಗನನ್ನೋ ಮಗಳನ್ನೋ ರಜೆಯಲ್ಲಿ ಕೆಲಸಕ್ಕೆ ಹಚ್ಚುವುದಾದರೆ ಮೊದಲ ದಿನವೇ ಹಾಜರಿ ಪುಸ್ತಕದಲ್ಲಿ ಹೆಸರು ಬರೆಯಿಸಿರಿ, ವಿಮೆಯ ನಂಬರು ಕೇಳಿರಿ, ಕನಿಷ್ಠ ಕೂಲಿಗೆ ಒಂದು ಪೈಸೆಯೂ ಕಡಿಮೆಗೆ ಒಪ್ಪಬೇಡಿರಿ. ಕಾಲೇಜು ತೆರೆದ ದಿನ ಮಾತ್ರ ಅವರನ್ನು ಮರಳಿ ಕಳುಹಿಸಿರಿ. ಕೈಗೆ ಬಂದ ಪಗಾರದ ರುಚಿಗೆ ಓದು ನಿಲ್ಲಬಾರದು. ನೀವೇ ಕೆಲಸ ಕಳೆದುಕೊಂಡಿದ್ದರೆ ನಾಚಿಕೆಪಟ್ಟು ಮನೆಯಲ್ಲಿ ಕೂರದೆ ಇಎಸ್‌ಐ ಕಚೇರಿಗೆ ಹೋಗಿ, ನಿಮಗೆ ಯಾವ ಭತ್ಯೆ ಸಲ್ಲುತ್ತದೆಂದು ವಿಚಾರಿಸಿರಿ. ವಂತಿಗೆ ಕಟ್ಟಿದವನು ಕೈಚಾಚುವುದು ಭಿಕ್ಷೆಗಲ್ಲ.

ಕರ್ನಾಟಕ ಸರಕಾರಕ್ಕೂ ಒಂದು ಮಾತು. ಹೊಟ್ಟೆಪಾಡಿಗಾಗಿ ನಾಡು ಬಿಟ್ಟವರ ಮಕ್ಕಳೂ ಕನ್ನಡದ ಮಕ್ಕಳೇ. ಪದವಿ ಪಡೆದು ಕೆಲಸವಿಲ್ಲದೆ ಅಲೆಯುವ ಅವರನ್ನು ಓದಿದ ಊರಿನ ಲೆಕ್ಕ ಹಿಡಿದು ಹೊರಗಿಡುವುದು ನ್ಯಾಯವಲ್ಲ. ಈ ಬೇಡಿಕೆಯನ್ನು ನಾವು ಕೈಬಿಡುವುದಿಲ್ಲ.