ಅಮ್ಮ ಆಸ್ಪತ್ರೆಯಲ್ಲಿ, ಹಾಲುಗೂಸು ಎಲ್ಲಿ?

ಬಾಣಂತಿ ಅಂದರೆ ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಹಂಡೆ ತುಂಬ ಬಿಸಿನೀರು, ಮೆಣಸಿನ ಸಾರು. ಮೈಗೆ ಇಷ್ಟೆಲ್ಲ ಆರೈಕೆ ಮಾಡುವ ನಾವು ಒಂದು ಪ್ರಶ್ನೆಯನ್ನು ಮಾತ್ರ ಕೇಳೋದೇ ಇಲ್ಲ. 'ರಾತ್ರಿ ನಿದ್ದೆ ಬಂತೇನವ್ವಾ?'

ಹೆರಿಗೆಯಾಗಿ ವಾರವಾಗಿರುತ್ತದೆ ಅಷ್ಟೆ. ಮಗು ಮಲಗಿದರೂ ಹುಡುಗಿ ಕಣ್ಣು ಮುಚ್ಚೋದಿಲ್ಲ. ಯಾರೋ ಕೂಗಿದ ಹಾಗಾಯ್ತು ಅಂತಾಳೆ. ಒಂದು ಗಳಿಗೆ ನಗು, ಇನ್ನೊಂದು ಗಳಿಗೆ ಸಿಟ್ಟು. 'ಈ ಮಗು ನಂದಲ್ಲ' ಅಂದುಬಿಟ್ಟರಂತೂ ಮನೆಯವರ ಜೀವವೇ ಹಾರಿಹೋಗುತ್ತದೆ. ಅಮ್ಮಸಂದ್ರ, ತುರುವೇಕೆರೆ ಸುತ್ತಿನ ಹಳ್ಳಿಗಳಲ್ಲಿ ಆಗ ಮೊದಲು ಬರುವ ಮಾತು 'ಗಾಳಿ ಸೋಕೈತೆ ಕಣವ್ವ'. ಹಳಬರಿಗೆ ಇನ್ನೊಂದು ಹೆಸರೂ ಗೊತ್ತು: ಬಾಣಂತಿ ಸನ್ನಿ. ಹೆಸರು ಇಟ್ಟಿದ್ದಾರೆ ಅಂದಮೇಲೆ ಕಾಯಿಲೆ ಹೊಸದಲ್ಲ, ಅಲ್ವಾ?

ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ ಇದು ಕಾಣಿಸುತ್ತದೆ. ಹೆಚ್ಚಾಗಿ ಮೊದಲ ಎರಡು ವಾರಗಳ ಒಳಗೇ ಶುರುವಾಗುತ್ತದೆ. ಇದು ತುರ್ತು ಕಾಯಿಲೆ, ಆಸ್ಪತ್ರೆಗೆ ಸೇರಿಸಬೇಕಾಗುತ್ತದೆ. ಸರಿಯಾಗಿ ಚಿಕಿತ್ಸೆ ಸಿಕ್ಕರೆ ಬಹುಪಾಲು ತಾಯಂದಿರು ಚೆನ್ನಾಗಿ ಗುಣವಾಗುತ್ತಾರೆ.

ಹಾಗಾದರೆ ಹಾಲು ಕುಡಿಯುವ ಕೂಸಿನ ಗತಿ?

ಮನೆಯವರು ಸಿಕ್ಕಿಹಾಕಿಕೊಳ್ಳುವುದೇ ಇಲ್ಲಿ. ಕೆಲವರು ಮಗುವನ್ನು ಅಜ್ಜಿಯ ಕೈಗಿಟ್ಟು, ಡಬ್ಬಿ ಹಾಲು ಶುರುಮಾಡಿ, ತಾಯಿಯನ್ನು ಮಾತ್ರ ಕರೆದೊಯ್ಯುತ್ತಾರೆ. ಇನ್ನು ಕೆಲವರು 'ಮಗು ಬಿಟ್ಟು ಹೆಂಗೆ ಕಳಿಸೋದು' ಅಂತ ಆಸ್ಪತ್ರೆಯನ್ನೇ ಮುಂದೂಡುತ್ತಾರೆ. ಮೊದಲನೆಯದರಲ್ಲಿ ತಾಯಿಯ ಎದೆ ಕಟ್ಟಿಕೊಂಡು, ಗಡ್ಡೆಯಾಗಿ, ಜ್ವರ ಬರುತ್ತದೆ. ಕೆಲವೇ ದಿನಗಳಲ್ಲಿ ಹಾಲೂ ಹಿಂಗುತ್ತದೆ. ಎರಡನೆಯದರಲ್ಲಿ ತಾಯಿ, ಮಗು ಇಬ್ಬರ ಜೀವಕ್ಕೂ ಅಪಾಯ. ಇನ್ನೊಂದು ಸಂಕಟವೂ ಇದೆ. 'ತಲೆ ಕೆಟ್ಟವಳು' ಅನ್ನುವ ಹಣೆಪಟ್ಟಿ ಬಿದ್ದಮೇಲೆ, ಗುಣವಾಗಿ ಬಂದ ಹೆಂಗಸಿನ ಕೈಗೆ ಮಗು ಕೊಡಲು ಮನೆಯವರು ಹಿಂಜರಿಯುತ್ತಾರೆ. ಆಸ್ಪತ್ರೆಯಲ್ಲಿ ಶುರುವಾದ ಅಗಲಿಕೆ ಮನೆಗೆ ಬಂದಮೇಲೂ ಮುಗಿಯೋದಿಲ್ಲ.

ಕಾನೂನು ತಾಯಿಯ ಪರ

ಇದು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ ತಿಂಗಳಿಂದ ಜಾರಿಯಲ್ಲಿದೆ. ಅದರ 21ನೇ ಸೆಕ್ಷನ್ ಪ್ರಕಾರ, ಮಾನಸಿಕ ಚಿಕಿತ್ಸೆಗೆ ದಾಖಲಾದ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರೆ ಮಾಡುವಂತಿಲ್ಲ. ತಾಯಿಯ ಕಾಯಿಲೆಯಿಂದ ಮಗುವಿಗೆ ಅಪಾಯವಿದೆ, ಅಥವಾ ಮಗುವಿನ ಹಿತಕ್ಕೆ ಬೇಕು ಎಂದು ಚಿಕಿತ್ಸೆ ಕೊಡುವ ಮನೋವೈದ್ಯರಿಗೆ ಅನಿಸಿದರೆ ಮಾತ್ರ, ಅದೂ ತಾತ್ಕಾಲಿಕವಾಗಿ, ಬೇರೆ ಇಡಬಹುದು. ಆಗಲೂ ಸಿಬ್ಬಂದಿ ಅಥವಾ ಮನೆಯವರ ಕಣ್ಗಾವಲಿನಲ್ಲಿ ತಾಯಿ ಮಗುವನ್ನು ನೋಡಲು ಅವಕಾಶ ಇರಲೇಬೇಕು. ಬೇರೆ ಇಟ್ಟ ನಿರ್ಧಾರವನ್ನು 15 ದಿನಕ್ಕೊಮ್ಮೆ ಮರುಪರಿಶೀಲಿಸಬೇಕು. ಒಂದೇ ಸಮನೆ 30 ದಿನ ಮೀರಿದರೆ ಸಂಬಂಧಪಟ್ಟ ಪ್ರಾಧಿಕಾರದ ಒಪ್ಪಿಗೆ ಬೇಕು.

ಅಂದರೆ ಮಗುವನ್ನು ದೂರ ಇಡುವುದಕ್ಕೆ ಕಾರಣ ಕೊಡಬೇಕಾದವರು ಆಸ್ಪತ್ರೆಯವರು. ಹತ್ತಿರ ಇಟ್ಟುಕೊಳ್ಳಲು ತಾಯಿ ಕಾರಣ ಹೇಳಬೇಕಿಲ್ಲ.

ಐದು ಹಾಸಿಗೆಯ ಪಾಠ

ಈ ಕಾನೂನಿಗಿಂತ ಮೊದಲೇ, 2009ರಲ್ಲಿ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ-ಮಗು ಘಟಕ ಶುರುವಾಯಿತು. ಡಾ. ಪ್ರಭಾ ಚಂದ್ರ ಮತ್ತು ಅವರ ತಂಡ ಕಟ್ಟಿದ ಈ ಘಟಕ ಆರಂಭವಾಗಿದ್ದು ಐದು ಹಾಸಿಗೆಗಳಿಂದ. ಇಂಗ್ಲೆಂಡಿನಲ್ಲಿ ಕ್ಯಾಸಲ್ ಆಸ್ಪತ್ರೆ 1948ರಲ್ಲೇ ತಾಯಿಯ ಜೊತೆ ಮಗುವನ್ನೂ ಸೇರಿಸಿಕೊಂಡಿತ್ತು. ಆದರೆ ಅಲ್ಲಿನ ಘಟಕಗಳಲ್ಲಿ ಹೆಚ್ಚಿನ ಕೆಲಸ ದಾದಿಯರದ್ದು. ನಮ್ಮಲ್ಲಿ ಅಷ್ಟು ದಾದಿಯರು ಎಲ್ಲಿಂದ ಬರಬೇಕು? ಅದಕ್ಕೇ ಇಲ್ಲಿ ಮನೆಯ ಹೆಂಗಸೊಬ್ಬರು, ಹೆಚ್ಚಾಗಿ ಬಾಣಂತಿಯ ತಾಯಿಯೇ, ಜೊತೆಗೆ ಉಳಿಯುತ್ತಾರೆ. ನಮ್ಮ ಬಾಣಂತನದ ಪದ್ಧತಿಯೇ ವಾರ್ಡಿನೊಳಗೆ ಬಂದ ಹಾಗಾಯಿತು.

ಆದರೆ ಅಮ್ಮಸಂದ್ರದಲ್ಲಿ ರೈಲು ಹತ್ತಿ, ಗುಬ್ಬಿ, ತುಮಕೂರು ದಾಟಿ, ಯಶವಂತಪುರದಲ್ಲಿಳಿದು, ಅಲ್ಲಿಂದ ಹೊಸೂರು ರಸ್ತೆಗೆ ಹಸಿ ಬಾಣಂತಿಯನ್ನು ಕರೆದೊಯ್ಯುವುದು ಎಲ್ಲರಿಂದ ಆಗುತ್ತದೆಯೇ? ಕಾನೂನು ಇಡೀ ದೇಶಕ್ಕೆ, ಇಂಥ ಘಟಕವೋ ಬೆರಳೆಣಿಕೆಯಷ್ಟು ಕಡೆ. ಜಿಲ್ಲಾ ಆಸ್ಪತ್ರೆಗಳಲ್ಲಿ ಹೊಸ ಕಟ್ಟಡವೇ ಬೇಕು ಅಂತೇನಿಲ್ಲ. ಮನೋವೈದ್ಯ ವಿಭಾಗದಲ್ಲಿ ಒಂದು ಪ್ರತ್ಯೇಕ ಕೋಣೆ, ಜೊತೆಗಿರುವವರಿಗೆ ಒಂದು ಮಂಚ, ಮಗುವಿಗೆ ಒಂದು ತೊಟ್ಟಿಲು, ಹಾಲೂಡಿಸುವುದು ಗೊತ್ತಿರುವ ಒಬ್ಬ ದಾದಿ, ಪಕ್ಕದ ಮಕ್ಕಳ ವಾರ್ಡಿನ ವೈದ್ಯರು ದಿನಕ್ಕೊಮ್ಮೆ ಬಂದು ನೋಡುವ ಏರ್ಪಾಡು. ಇಷ್ಟನ್ನಾದರೂ ನಾವು ಕೇಳಬಾರದೇ?

ನಮ್ಮ ತಾಲ್ಲೂಕಿಗೆ ಇದು ತೀರಾ ಹೊಸ ವಿಷಯವೂ ಅಲ್ಲ. ನಿಮ್ಹಾನ್ಸ್ ತಂಡ ತುರುವೇಕೆರೆಯಲ್ಲಿ ಸ್ಕಿಜೋಫ್ರೇನಿಯಾ ಇರುವವರನ್ನು ಹಳ್ಳಿಹಳ್ಳಿಯಲ್ಲಿ ಗುರುತಿಸಿ ಚಿಕಿತ್ಸೆ ಕೊಡುವ ಕಾರ್ಯಕ್ರಮ ನಡೆಸಿದೆ. ಇನ್ನು ಆಶಾ ಕಾರ್ಯಕರ್ತೆಯರು ಹೆರಿಗೆಯಾದ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬರುತ್ತಾರೆ. ಸನ್ನಿ ಶುರುವಾಗುವುದೂ ಮೊದಲ ಎರಡು ವಾರದಲ್ಲೇ! ಮಗುವಿನ ತೂಕ ನೋಡುವಾಗಲೇ 'ನಿದ್ದೆ ಬರ್ತಿದೆಯಾ? ಭಯ ಆಗ್ತಿದೆಯಾ?' ಅಂತ ಎರಡು ಮಾತು ಕೇಳಿದರೆ ಎಷ್ಟೋ ಕಾಯಿಲೆ ಬೇಗ ಸಿಗುತ್ತದೆ. ಅವರು ಕೇಳದಿದ್ದರೆ ನೀವೇ ಹೇಳಿ.

ನಿಮಗೆ ತಿಳಿದಿರಲಿ

* ದಾಖಲಿಸುವಾಗಲೇ 'ಮಗು ಎದೆಹಾಲು ಕುಡಿಯುತ್ತಿದೆ' ಎಂದು ಹೇಳಿ, ಬರೆಸಿ. ತಾಯಿ ಕಾರ್ಡ್ ಜೊತೆಗಿರಲಿ.

* ಮಾತ್ರೆ ಶುರುವಾದ ತಕ್ಷಣ ಹಾಲು ಬಿಡಿಸಬೇಡಿ. ಎಷ್ಟೋ ಔಷಧಿಗಳು ಹಾಲಿಗೆ ಸೇರುವುದು ತೀರಾ ಕಡಿಮೆ ಪ್ರಮಾಣದಲ್ಲಿ. ಕ್ಲೋಜಪಿನ್ ಇದ್ದರೆ ಹಾಲೂಡಿಸುವುದು ಬೇಡ ಎನ್ನುತ್ತಾರೆ. ಲಿಥಿಯಂಗೆ ತುಂಬ ಎಚ್ಚರಿಕೆ, ರಕ್ತಪರೀಕ್ಷೆ ಬೇಕು. ಯಾವುದು ಕೊಡುತ್ತಿದ್ದಾರೆ ಎಂದು ಕೇಳಿ ತಿಳಿದುಕೊಳ್ಳಿ.

* ಹಾಲಿನ ಹೆಸರು ಹೇಳಿ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸುವುದು ಇನ್ನೂ ದೊಡ್ಡ ಅಪಾಯ.

* ರಾತ್ರಿ ನಿದ್ದೆ ತಾಯಿಗೆ ಔಷಧಿಯಷ್ಟೇ ಮುಖ್ಯ. ಸಂಜೆಯೇ ಹಾಲು ಹಿಂಡಿ ಫ್ರಿಜ್‌ನಲ್ಲಿಟ್ಟರೆ, ರಾತ್ರಿ ಅಜ್ಜಿ ಒಳಲೆಯಲ್ಲಿ ಕುಡಿಸಬಹುದು. ಹೊರಗಿಟ್ಟ ಹಾಲನ್ನು ನಾಲ್ಕು ಗಂಟೆಯೊಳಗೆ ಬಳಸಿ. ಸೆಕೆಗಾಲದಲ್ಲಿ ಅಷ್ಟು ಹೊತ್ತೂ ಬೇಡ. ಒಲೆಯ ಮೇಲೆ ಕಾಯಿಸಬೇಡಿ, ಬಿಸಿನೀರಿನ ಬಟ್ಟಲಲ್ಲಿಟ್ಟು ಬೆಚ್ಚಗೆ ಮಾಡಿ.

* ನಿದ್ದೆ ಬರಿಸುವ ಮಾತ್ರೆ ತೆಗೆದುಕೊಳ್ಳುವ ತಾಯಿಯ ಪಕ್ಕದಲ್ಲೇ ಮಗುವನ್ನು ಮಲಗಿಸಬೇಡಿ. ಹಾಲೂಡಿಸುವಾಗ ಒಬ್ಬರು ಜೊತೆಗಿರಿ.

* ಮಗು ಅತಿಯಾಗಿ ಮಂಪರಾಗಿದ್ದರೆ, ಚೀಪುವುದು ಕಡಿಮೆಯಾದರೆ, ತೂಕ ಏರದಿದ್ದರೆ ಕೂಡಲೇ ವೈದ್ಯರಿಗೆ ತಿಳಿಸಿ.

* ಮಗುವನ್ನು ಕೆಲ ದಿನ ದೂರ ಇಡಲೇಬೇಕಾಗಿ ಬಂದರೆ ಎರಡು-ಮೂರು ಗಂಟೆಗೊಮ್ಮೆ ಹಾಲು ಹಿಂಡಿಸಿ. ಎದೆ ಕಟ್ಟುವುದಿಲ್ಲ, ಹಾಲು ಹಿಂಗುವುದೂ ಇಲ್ಲ.

* ಹಾಲು ನಿಲ್ಲಿಸುವ ಕೆಲವು ಮಾತ್ರೆಗಳಿಂದ ಸನ್ನಿ ಹೆಚ್ಚಾಗಬಹುದು. ಮನೋವೈದ್ಯರನ್ನು ಕೇಳದೆ ಕೊಡಬೇಡಿ.

* ಹಾಲೂಡಿಸಲು ಆಗದೇ ಹೋದರೂ ತಾಯಿಯನ್ನು ಹಂಗಿಸಬೇಡಿ. ಮಗುವನ್ನು ಎತ್ತಿಕೊಳ್ಳಲಿ, ಮಾತಾಡಿಸಲಿ. ನಂಟು ಬೆಳೆಯುವುದಕ್ಕೆ ಅದೂ ದಾರಿಯೇ.

ದೇವರಿಗೆ ಹರಕೆ ಹೊರುವುದು ಬೇಡ ಅಂತ ಯಾರೂ ಹೇಳುವುದಿಲ್ಲ. ಹರಕೆ ಹೊತ್ತು, ಅವತ್ತೇ ಆಸ್ಪತ್ರೆಗೂ ಹೊರಡಿ. ಎಲ್ಲಿಗೆ ಹೋಗಬೇಕು ಅನ್ನುವುದೇ ತಿಳಿಯದಿದ್ದರೆ 14416ಕ್ಕೆ ಫೋನ್ ಮಾಡಿ. 2022ರಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ ಅದು. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ತಾಯಿ ತನಗೋ ಮಗುವಿಗೋ ಏನಾದರೂ ಮಾಡಿಕೊಳ್ಳುವ ಮಾತಾಡಿದರೆ ಮಾತ್ರ ಫೋನಿಗೂ ಕಾಯಬೇಡಿ. ಒಬ್ಬಳನ್ನೇ ಬಿಡದೆ ಹತ್ತಿರದ ದೊಡ್ಡಾಸ್ಪತ್ರೆಗೆ ಕರೆದೊಯ್ಯಿರಿ.

ಮತ್ತೆ ಹೊರಡುವಾಗ, ಮಗುವನ್ನೂ ಕಟ್ಟಿಕೊಂಡೇ ಹೊರಡಿ. ಒಳಗೆ ಬಿಡುವುದಿಲ್ಲ ಅಂದರೆ '21ನೇ ಸೆಕ್ಷನ್ ಏನು ಹೇಳುತ್ತೆ ಸರ್?' ಅಂತ ಮೆತ್ತಗೆ ಕೇಳಿ.