ಪಂಚಮಿಗೆ ಕಳಿಸಿದ ರೊಕ್ಕ ಯಾರ ಉಡಿ ಸೇರಿತು?

ಮುಖ್ಯ ಆಯುಕ್ತರು,
ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ, ನವದೆಹಲಿ ಇವರಿಗೆ

ವಿಷಯ: ಮಳಿಗೆಗಳು ಮಾರುವ ಗಿಫ್ಟ್ ಕಾರ್ಡುಗಳಿಗೆ ಅಂಕೆ ಇಲ್ಲದಿರುವ ಬಗ್ಗೆ

ಮಾನ್ಯರೇ,

ಅಫಜಲಪುರ ತಾಲ್ಲೂಕಿನ ಘತ್ತರಗಿಯಲ್ಲಿ, ಭಾಗ್ಯವಂತಿ ಗುಡಿಗೆ ಹೋಗುವ ದಾರಿಯಲ್ಲಿ ನನ್ನದೊಂದು ಸಣ್ಣ ಬಟ್ಟೆ ಅಂಗಡಿ. ಅಮಾವಾಸ್ಯೆಗೆ ಬರುವ ಭಕ್ತರಿಗೆ ದೇವಿಗೆ ಉಡಿಸುವ ಸೀರೆ, ಉಡಿ ತುಂಬುವ ಖಣ ಮಾರುತ್ತೇನೆ. ಉಳಿದ ದಿನ ಸುತ್ತಲಿನ ಹಳ್ಳಿಗಳ ಮದುವೆಗೆ, ಕುಬಸಕ್ಕೆ ಬೇಕಾದ ಆಯೇರಿ ಬಟ್ಟೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಬಟ್ಟೆ ವ್ಯಾಪಾರಿಯೊಬ್ಬ ಗಿಫ್ಟ್ ಕಾರ್ಡಿನ ಮೇಲೆ ತಕರಾರು ತೆಗೆದರೆ ಹೊಟ್ಟೆಕಿಚ್ಚು ಎಂದುಕೊಂಡು ನೀವು ಪತ್ರ ಮಡಚಿ ಇಟ್ಟೀರಿ. ಹೊಟ್ಟೆಕಿಚ್ಚು ಇಲ್ಲವೆನ್ನುವುದಿಲ್ಲ. ಆದರೆ ತಕರಾರು ಬೇರೆ.

ನಮ್ಮ ಕಡೆ ನಾಗರ ಪಂಚಮಿ ಹೆಣ್ಣುಮಕ್ಕಳ ಹಬ್ಬ. ಅಣ್ಣನೋ ತಮ್ಮನೋ ಬಂದು ಕರೆದೊಯ್ಯಬೇಕು, ತವರಲ್ಲಿ ಉಂಡಿ ತಿಂದು ಜೋಕಾಲಿ ಆಡಬೇಕು, ಹೊಸ ಸೀರೆ ಉಟ್ಟು ಗಂಡನ ಮನೆಗೆ ಮರಳಬೇಕು. ನನ್ನ ತಂಗಿಯ ಮಗಳನ್ನು ಇದೇ ಊರಿಗೆ ಕೊಟ್ಟಿದ್ದೇವೆ. ಅವಳ ಅಣ್ಣ ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದಾನೆ. ಹಬ್ಬಕ್ಕೆ ಅವನಿಗೆ ರಜೆ ಸಿಗಲಿಲ್ಲ. ಹೆಸರಾದ ಬಟ್ಟೆ ಮಳಿಗೆಯೊಂದರ 3,000 ರೂಪಾಯಿಯ ಗಿಫ್ಟ್ ಕಾರ್ಡು ಕೊಂಡು ತಂಗಿಯ ಮೊಬೈಲಿಗೆ ಕಳಿಸಿದ. ಕಾರ್ಡೆಂದರೆ ಕೈಯಲ್ಲಿ ಹಿಡಿಯುವ ಕಾರ್ಡಲ್ಲ. ಹದಿನಾರು ಅಂಕಿ, ಒಂದು ಪಿನ್ನು, ಕೆಳಗೆ ಇಂಗ್ಲಿಷಿನಲ್ಲಿ ಇರುವೆ ಸಾಲಿನಂಥ ಷರತ್ತುಗಳು.

‘ಫೋನ್‌ಪೇ ಮಾಡಿದ್ರ ಆಗ್ತಿರಲಿಲ್ಲೇನಪಾ?’ ಎಂದು ಅವನನ್ನು ಕೇಳಿದೆ.

‘ಮಾಮಾ, ರೊಕ್ಕ ಹಾಕಿದ್ರ ಅದು ಯೂರಿಯಾಕ್ಕ ಹೋಗ್ತದ. ಇದಾದ್ರ ಅಕಿ ಸೀರೀನೇ ತಗೋಬೇಕು’ ಎಂದ.

ಈ ಮಾತನ್ನು ಸುಮ್ಮನೆ ತಳ್ಳಿಹಾಕಲಾಗದು. ಅವಳದು ಭೀಮಾ ದಂಡೆಯ ಕಬ್ಬಿನ ಮನೆ. ಕಬ್ಬು ಕೊಟ್ಟ 14 ದಿನದೊಳಗೆ ಕಾರ್ಖಾನೆಯವರು ಬಿಲ್ಲಿನ ರೊಕ್ಕ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಬಿಲ್ಲಿನ ದಾರಿ ಕಾಯುವುದು ಎಂದರೇನೆಂದು ಕಬ್ಬು ಬೆಳೆದವರನ್ನೇ ಕೇಳಬೇಕು. ಅಲ್ಲಿಯವರೆಗೆ ಮನೆಗೆ ಬಂದ ಪ್ರತಿ ನೋಟಿಗೂ ಸಾಲ ಕೊಟ್ಟವನೊಬ್ಬ ಕಾದಿರುತ್ತಾನೆ, ಹೆಂಡತಿಯ ಪಂಚಮಿ ರೊಕ್ಕವೆಂದು ಯಾರೂ ಬಿಡುವುದಿಲ್ಲ. ನನ್ನ ಅಂಗಡಿಗೆ ಬರುವ ಹೆಣ್ಣುಮಕ್ಕಳು ಸಾವಿರದ ಸೀರೆ ಕೊಂಡು, ‘ಯಣ್ಣಾ, ಚೀಟಿಯಾಗ ಐನೂರ ಬರೀರಿ’ ಎನ್ನುತ್ತಾರೆ. ಸಾಸಿವೆ ಡಬ್ಬಿಯಲ್ಲಿ ಮುಚ್ಚಿಟ್ಟ ರೊಕ್ಕ ಅದು. ನೋಟು ಮೂಗಿನ ಹತ್ತಿರ ಬಂದರೆ ವಾಸನೆಯೇ ಹೇಳುತ್ತದೆ. ಆ ಹುಡುಗ ಇಂಥ ಮನೆಯಲ್ಲೇ ಬೆಳೆದವನು. ತಂಗಿಯ ಪಾಲು ತಂಗಿಗೇ ಮುಟ್ಟಲಿ ಎಂದು ಲೆಕ್ಕ ಹಾಕಿಯೇ ಕಾರ್ಡು ಕೊಂಡ. ನಗದಿಗಿಂತ ಗಿಫ್ಟ್ ಕಾರ್ಡಿನಲ್ಲಿ ಹೆಚ್ಚು ಕಾಳಜಿ ಇದೆ ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಮುಂದೆ ಆದದ್ದು ಇಷ್ಟು. ಮಳೆ, ಹೊಳೆ, ಹತ್ತಿ ಬಿಡಿಸುವ ಕೆಲಸವೆಂದು ದಿನ ಕಳೆದವು. ದೀಪಾವಳಿ ಮುಗಿದ ಮೇಲೆ ಗಂಡ ಹೆಂಡತಿ ಕಲಬುರಗಿಗೆ ಹೋದರು. ಶಕ್ತಿ ಯೋಜನೆಯಿಂದ ಅವಳಿಗೆ ಬಸ್ಸು ಪುಕ್ಕಟೆ, ಗಂಡನಿಗಲ್ಲ. ಮಳಿಗೆಯಲ್ಲಿ ಸೀರೆ ಆರಿಸಿ, ಮಡಿಲಿಗೆ ಹಾಕಿಕೊಂಡು ಅಂಚು ನೋಡಿ, ಕೌಂಟರಿನಲ್ಲಿ ಮೊಬೈಲು ತೋರಿಸಿದರೆ, ‘ಇದು ಫ್ರಾಂಚೈಸಿ ಅಂಗಡಿ ರೀ, ಈ ಕಾರ್ಡ್ ಇಲ್ಲಿ ನಡೆಯಂಗಿಲ್ಲ. ಕಂಪನಿಯ ಸ್ವಂತ ಶೋರೂಮಿಗೆ ಹೋಗ್ರಿ, ಇಲ್ಲಾ ಆನ್‌ಲೈನಿನ್ಯಾಗ ತರಿಸ್ಕೋರಿ’ ಎಂದರಂತೆ. ಹೆಸರು ಅದೇ, ಬೋರ್ಡು ಅದೇ. ಆನ್‌ಲೈನಿನಲ್ಲಿ ನೋಡಿದರೆ ನಮ್ಮ ಪಿನ್‌ಕೋಡಿಗೆ ಡೆಲಿವರಿ ಇಲ್ಲ. ಅಣ್ಣನ ವಿಳಾಸಕ್ಕೆ ತರಿಸೋಣ ಎಂದುಕೊಳ್ಳುವಷ್ಟರಲ್ಲಿ ತೊಗರಿ ರಾಶಿ ಬಂತು. ರಾಶಿ ಮುಗಿಸಿ ಮೊಬೈಲು ತೆಗೆದಾಗ ಕಾರ್ಡಿನ ಆರು ತಿಂಗಳ ಅವಧಿಯೂ ಮುಗಿದಿತ್ತು. ಮುಗಿಯುತ್ತಿದೆ ಎಂದು ಒಂದು ಮೆಸೇಜೂ ಬಂದಿರಲಿಲ್ಲ.

‘ಹಂಗಾದ್ರ ಮಾಮಾ, ಅಣ್ಣನ ಮೂರು ಸಾವಿರ ಯಾರ ಉಡ್ಯಾಗ ಬಿತ್ತು?’ ಎಂದು ಕೇಳಿದಳು.

ಉತ್ತರ ಹುಡುಕಿದವನು ಅವಳ ಅಣ್ಣನೇ. ಗ್ರಾಹಕರು ಬಳಸದೆ ಬಿಟ್ಟ ಕಾರ್ಡಿನ ಮೊತ್ತವನ್ನು ಕಂಪನಿಗಳು ತಮ್ಮ ಆದಾಯಕ್ಕೆ ಸೇರಿಸಿಕೊಳ್ಳಲು ಲೆಕ್ಕಪತ್ರದ ಮಾನದಂಡ, ಇಂಡ್ ಎಎಸ್ 115ರಲ್ಲೇ ದಾರಿ ಇದೆಯಂತೆ. ಸೀರೆ ಕೊಡಲಿಲ್ಲ, ಅದರ ಬೆಲೆ ಮಾತ್ರ ಜಮೆಯಾಯಿತು. ಮೂವತ್ತು ವರ್ಷ ಗಲ್ಲೆಯ ಮೇಲೆ ಕೂತ ನನಗೆ ಇಂಥ ವ್ಯಾಪಾರ ಹೊಳೆದಿರಲಿಲ್ಲ.

ನಮ್ಮ ಆಯೇರಿ ಬಲು ಚೆನ್ನ ಎಂದು ಹೊಗಳಲು ನಾನು ಹೊರಟಿಲ್ಲ. ಟಾವೆಲ್ಲು ಟೋಪಿ, ಜಂಪರ್ ಪೀಸು ಕೊಡುವುದರಲ್ಲಿ ವಿಚಾರ ಮಾಡುವುದು ಏನೂ ಇಲ್ಲ, ಲೆಕ್ಕಕ್ಕೆ ಕೊಡುವುದು. ನಾನೇ ಮಾರಿದ ಜಂಪರ್ ಪೀಸು ಮಡಿಕೆ ಮುರಿಯದೆ ಮದುವೆಯಿಂದ ಮದುವೆಗೆ ತಿರುಗಿದ್ದನ್ನು ಅಂಚಿನಿಂದಲೇ ಗುರುತು ಹಿಡಿದಿದ್ದೇನೆ. ಆದರೂ ಅದು ತಿರುಗುತ್ತದೆ; ಒಬ್ಬರಿಗೆ ಬೇಡವಾದದ್ದು ಇನ್ನೊಬ್ಬರ ಮನೆಗೆ ಹೋಗುತ್ತದೆ, ನಡುವೆ ಯಾರೂ ನುಂಗುವುದಿಲ್ಲ. ಮುಯ್ಯದ ರೊಕ್ಕವಂತೂ ಇನ್ನೂ ಚೊಕ್ಕ. ಮದುವೆ ಮಂಟಪದಲ್ಲಿ ಒಬ್ಬ ನೋಟ್‌ಬುಕ್ಕು ಹಿಡಿದು ಕೂತಿರುತ್ತಾನೆ. ಇಂಥವರು, ಇಂಥ ಊರು, 101 ಇಲ್ಲವೆ 501. ಆ ಪುಸ್ತಕವನ್ನು ಮನೆಯವರು ಟ್ರಂಕಿನಲ್ಲಿ ಇಟ್ಟಿರುತ್ತಾರೆ. ಕೊಟ್ಟವರ ಮನೆಯಲ್ಲಿ ಹತ್ತು ವರ್ಷ ಬಿಟ್ಟು ಮದುವೆಯಾದರೂ ಹಾಳೆ ತಿರುವಿ ನೋಡಿ, ಮೇಲೊಂದಿಷ್ಟು ಸೇರಿಸಿ ಮರಳಿಸುತ್ತಾರೆ. ರೊಕ್ಕ ಕೊಡುವುದು ಒಣ ವ್ಯವಹಾರ, ಅದರಲ್ಲಿ ಪ್ರೀತಿ ಇಲ್ಲ ಎಂದು ಪೇಟೆಯ ಜಾಹೀರಾತುಗಳು ಹೇಳಿಕೊಟ್ಟ ಮೇಲೆಯೇ ನಮ್ಮ ಹುಡುಗರಿಗೆ ಲಕೋಟೆ ಕೊಡಲು ನಾಚಿಕೆಯಾಗತೊಡಗಿತು.

ಈಗ ಕಾನೂನಿನ ಮಾತು. ಬ್ಯಾಂಕುಗಳು ಮತ್ತು ಪರವಾನಗಿ ಪಡೆದ ಕಂಪನಿಗಳ ಗಿಫ್ಟ್ ಕಾರ್ಡಿಗೆ ರಿಸರ್ವ್ ಬ್ಯಾಂಕು 2021ರ ಆಗಸ್ಟ್‌ನಲ್ಲಿ ನಿಯಮ ಹಾಕಿಕೊಟ್ಟಿತು. ಒಂದು ಕಾರ್ಡು 10,000 ರೂಪಾಯಿ ಮೀರಬಾರದು, ಕನಿಷ್ಠ ಒಂದು ವರ್ಷ ನಡೆಯಬೇಕು, ಅವಧಿ ಮುಗಿಯುವ ಮುಂಚಿನ 45 ದಿನಗಳಲ್ಲಿ ಕಾರ್ಡುದಾರರನ್ನು ಎಚ್ಚರಿಸಬೇಕು. ನಗದು ತೆಗೆಯುವಂತಿಲ್ಲ, ಆದರೆ ಪಡೆದವರು ಒಪ್ಪಿದರೆ ಹಣ ಎಲ್ಲಿಂದ ಬಂತೋ ಆ ಖಾತೆಗೆ ಮರಳಬಹುದು. ಎಲ್ಲ ಸರಿಯಾಗಿಯೇ ಇದೆ. ಆದರೆ ಒಂದು ಮಳಿಗೆ ತನ್ನ ಸಾಮಾನಿಗಷ್ಟೇ ನಡೆಯುವಂತೆ ಕೊಡುವ ಕಾರ್ಡಿಗೆ ರಿಸರ್ವ್ ಬ್ಯಾಂಕಿನ ಅನುಮತಿಯೇ ಬೇಡ, ಈ ನಿಯಮಗಳೂ ಅದಕ್ಕೆ ತಾಗುವುದಿಲ್ಲ. ಹಬ್ಬಕ್ಕೆ ಅಣ್ಣ ತಂಗಿಗೆ ಕಳಿಸುವುದು ಬಹುಪಾಲು ಇಂಥ ಕಾರ್ಡನ್ನೇ. ಆದಕಾರಣ ಮುಂಬಯಿಯ ರಿಸರ್ವ್ ಬ್ಯಾಂಕಿಗೆ ಬರೆಯದೆ ನಿಮಗೆ ಬರೆಯುತ್ತಿದ್ದೇನೆ.

1915ಕ್ಕೆ ಫೋನು ಮಾಡಿ, ಕಲಬುರಗಿಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಿ ಎನ್ನುತ್ತೀರಿ. ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, 5 ಲಕ್ಷದವರೆಗೆ ಶುಲ್ಕವಿಲ್ಲ ಎಂಬುದೂ ಗೊತ್ತು. ಮೂರು ಸಾವಿರಕ್ಕಾಗಿ ಎಷ್ಟು ದಿನದ ಕೂಲಿ ಬಿಟ್ಟು ಅಲ್ಲಿ ಕೂರಬೇಕು? ಈ ಹಿಂಜರಿಕೆಯನ್ನು ನಂಬಿಯೇ ಇಂಥ ಷರತ್ತು ಬರೆಯುತ್ತಾರೆಂದು ನನ್ನ ಅನಿಸಿಕೆ. ಒಬ್ಬೊಬ್ಬರೇ ಹೋರಾಡಲಾಗದ್ದನ್ನು ಎಲ್ಲ ಗ್ರಾಹಕರ ಪರವಾಗಿ ನೋಡಲೆಂದೇ 2019ರ ಕಾಯ್ದೆ ನಿಮ್ಮನ್ನು ಕೂರಿಸಿದೆ. ಹೋಟೆಲುಗಳು ಬಿಲ್ಲಿನಲ್ಲಿ ತಾವೇ ಸರ್ವಿಸ್ ಚಾರ್ಜು ಸೇರಿಸಬಾರದೆಂದು 2022ರ ಜುಲೈಯಲ್ಲಿ ಮಾರ್ಗಸೂಚಿ ಹೊರಡಿಸಿದವರು ನೀವೇ. ದೊಡ್ಡ ಹೋಟೆಲಿನಲ್ಲಿ ಉಣ್ಣುವವರ ಮೇಲೆ ತೋರಿದ ಮುತುವರ್ಜಿಯನ್ನು ಪಂಚಮಿ ಸೀರೆಯ ಮೇಲೂ ತೋರಿಸಿ.

ಗಿಫ್ಟ್ ಕಾರ್ಡು ನಿಲ್ಲಿಸಿ ಎಂದು ನಾನು ಕೇಳುತ್ತಿಲ್ಲ. ಯೂರಿಯಾದ ಮಾತು ಮೇಲೆಯೇ ಬರೆದಿದ್ದೇನೆ. ಅಮೆರಿಕದಲ್ಲಿ 2009ರ ಕಾನೂನಿನ ಪ್ರಕಾರ ಇಂಥ ಕಾರ್ಡಿನ ಹಣ ಐದು ವರ್ಷಕ್ಕೆ ಮುಂಚೆ ಸಾಯುವಂತಿಲ್ಲ. ನಮಗೆ ಅಷ್ಟಾಗದಿದ್ದರೆ ಮೂರು ವರ್ಷವಾದರೂ ಇರಲಿ. ಅವಧಿ ಮುಗಿದ ಮೇಲೆ ಉಳಿದ ಹಣ ಮಳಿಗೆಯ ಗಲ್ಲೆಗೆ ಬೀಳದೆ ಕೊಟ್ಟವರ ಖಾತೆಗೆ ಮರಳಲಿ. ಒಂದೇ ಹೆಸರಿನ ಬೋರ್ಡು ಹಾಕಿಕೊಂಡ ಅಂಗಡಿಗಳೆಲ್ಲ ಆ ಹೆಸರಿನ ಕಾರ್ಡು ತೆಗೆದುಕೊಳ್ಳಲಿ, ಆಗದಿದ್ದರೆ ಯಾವ ಊರಿನಲ್ಲಿ ನಡೆಯುತ್ತದೆಂದು ಕಾರ್ಡು ಮಾರುವ ಮೊದಲೇ ಹೇಳಲಿ. ಷರತ್ತುಗಳು ಕನ್ನಡದಲ್ಲೂ ಬರಲಿ.

ಆ ಕಾರ್ಡಿನ ಮೆಸೇಜು ಇನ್ನೂ ಅವಳ ಮೊಬೈಲಿನಲ್ಲಿದೆ. ಮಳಿಗೆಯ ಹೆಸರನ್ನು ಇಲ್ಲಿ ಬೇಕೆಂದೇ ಬರೆದಿಲ್ಲ. ವಿಚಾರಣೆಗೆ ಬೇಕಾದರೆ ಕೊಂಡ ರಸೀದಿಯ ಜೊತೆಗೆ ಕಳಿಸುತ್ತೇವೆ. ಉತ್ತರ ಕೊಡುವುದಾದರೆ ಕನ್ನಡದಲ್ಲಿ ಕೊಡಿ, ಓದುವವಳು ಅವಳು.

ಇಂತಿ,
ಘತ್ತರಗಿಯ ಒಬ್ಬ ಬಟ್ಟೆ ವ್ಯಾಪಾರಿ