ಮೇಲ್ಮುದ್ದೆ ಮನೆಗೆ ಎಟುಕದ ‘ಸೂರ್ಯಘರ್’

ಧಾರವಾಡ: ಮನೆಯ ಚಾವಣಿಯಲ್ಲಿ ಸೌರಫಲಕ ಅಳವಡಿಸಿಕೊಳ್ಳುವವರಿಗಾಗಿ ಕೇಂದ್ರ ಸರ್ಕಾರ 2024ರ ಫೆಬ್ರುವರಿಯಲ್ಲಿ ಪ್ರಕಟಿಸಿದ ಪಿಎಂ ಸೂರ್ಯಘರ್ ಯೋಜನೆಯ ಗುರಿ ಒಂದು ಕೋಟಿ ಮನೆಗಳು. ಸಹಾಯಧನ ಮೊದಲ ಎರಡು ಕಿಲೋವಾಟ್‌ಗೆ ತಲಾ 30 ಸಾವಿರ ರೂ., ಮೂರನೆಯದಕ್ಕೆ 18 ಸಾವಿರ ರೂ.; ಗರಿಷ್ಠ 78 ಸಾವಿರ ರೂ. ಹುಬ್ಬಳ್ಳಿಯ ಬಡಾವಣೆಗಳಿಗೆ ಇದು ಲಾಭದಾಯಕ. ನವಲಗುಂದ, ಅಣ್ಣಿಗೇರಿ, ಕುಂದಗೋಳದ ಹಳ್ಳಿಗಳಲ್ಲಿ ಲೆಕ್ಕವೇ ಬೇರೆ.

ಮೂರು ಕಿಲೋವಾಟ್ ಘಟಕಕ್ಕೆ ಸುಮಾರು 300 ಚದರಡಿ ಗಟ್ಟಿ ಚಾವಣಿ ಬೇಕು. ಎರೆಭೂಮಿಯ ಹಳೆಯ ಮನೆಗಳದು ಜಂತಿಯ ಮೇಲೆ ಮಣ್ಣು ಹಾಸಿದ ಮೇಲ್ಮುದ್ದೆ. ಮಳೆಗಾಲದಲ್ಲಿ ತನ್ನ ಭಾರವನ್ನೇ ತಾಳಲಾರದು. 2019ರ ಆಗಸ್ಟ್ ನೆರೆಯಲ್ಲಿ ಇಂಥ ಎಷ್ಟೋ ಮನೆಗಳು ಕುಸಿದವು. ಮಲೆನಾಡ ಸೆರಗಿನ ಕಲಘಟಗಿಯಲ್ಲಿ ಹಂಚಿನ ಇಳಿಜಾರು ಇನ್ನೊಂದು ತೊಡಕು. ಸಾಲದ್ದಕ್ಕೆ, ಅರ್ಜಿ ಸಲ್ಲಿಸಬೇಕಾದದ್ದು ವಿದ್ಯುತ್ ಸಂಪರ್ಕ ಯಾರ ಹೆಸರಿನಲ್ಲಿದೆಯೋ ಅವರು. ಅಜ್ಜ ತೀರಿ ವರ್ಷಗಳಾದರೂ ಬಿಲ್ ಅವರ ಹೆಸರಿನಲ್ಲೇ ಬರುವ ಮನೆಗಳು ಹಳ್ಳಿಗಳಲ್ಲಿ ವಿರಳವಲ್ಲ.

ಸಹಾಯಧನ ಕೈಸೇರುವುದು ಫಲಕ ಹಾಕಿ, ನೆಟ್ ಮೀಟರ್ ಕೂಡಿಸಿ, ಹೆಸ್ಕಾಂ ಪರಿಶೀಲನೆ ಮುಗಿದ ಮೇಲೆ. ಅಲ್ಲಿಯವರೆಗಿನ ವೆಚ್ಚ ಮನೆಯವರದೇ, ಇಲ್ಲವೇ ಬ್ಯಾಂಕ್ ಸಾಲ.

ಆದರೆ ಮೂಲ ಪ್ರಶ್ನೆ ಇದಲ್ಲ. ರಾಜ್ಯದ ಗೃಹಜ್ಯೋತಿ 2023ರ ಜುಲೈ ಬಳಕೆಯಿಂದ ಜಾರಿಯಾಗಿ, ಹಿಂದಿನ ಸರಾಸರಿ ಬಳಕೆಗೆ ತುಸು ಸೇರಿಸಿ, 200 ಯೂನಿಟ್ ಮಿತಿಯೊಳಗೆ ಉಚಿತ ವಿದ್ಯುತ್ ನೀಡುತ್ತಿದೆ. ಎರಡು ಬಲ್ಬು, ಫ್ಯಾನು, ಟಿವಿಯ ಮನೆಗೆ ಬಿಲ್ಲೇ ಶೂನ್ಯ. ಶೂನ್ಯದಲ್ಲಿ ಉಳಿಸುವುದೇನನ್ನು? ಹೀಗಾಗಿ ಸಹಾಯಧನ ಹೆಚ್ಚು ಬಿಲ್ ಕಟ್ಟುವ, ಆರ್‌ಸಿಸಿ ಚಾವಣಿಯ ಕುಟುಂಬದತ್ತಲೇ ಹರಿಯುತ್ತದೆ.

ತೆರಿಗೆಯ ಮಾತೂ ಅಷ್ಟೇ. ಕೃಷಿ ಆದಾಯಕ್ಕೆ ಆದಾಯ ತೆರಿಗೆಯೇ ಇಲ್ಲದಿರುವಾಗ ವಿನಾಯಿತಿಯ ಆಮಿಷ ರೈತನಿಗೆ ತಟ್ಟದು. 2025ರ ಸೆಪ್ಟೆಂಬರ್ 22ರಿಂದ ಸೌರ ಉಪಕರಣಗಳ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದದ್ದೊಂದೇ ಎಲ್ಲರಿಗೂ ಸಿಗುವ ರಿಯಾಯಿತಿ, ಅದೂ ಕೊಳ್ಳಬಲ್ಲವರಿಗೆ.

ಈ ಮನೆಗಳ ಉಚಿತ ವಿದ್ಯುತ್ತಿನ ಹಣ ತಿಂಗಳು ತಿಂಗಳೂ ತೆರುತ್ತಿರುವುದು ರಾಜ್ಯ ಸರ್ಕಾರ. ಆದ್ದರಿಂದ ಸೌರಶಕ್ತಿಯಿಂದ ಉಳಿತಾಯವಾಗಬೇಕಾದದ್ದು ಅದಕ್ಕೇ. ವಿತರಣಾ ಕಂಪನಿಯೇ ಮನೆಗಳ ಪರವಾಗಿ ಫಲಕ ಅಳವಡಿಸಲು ಕೇಂದ್ರದ 2024ರ ಡಿಸೆಂಬರ್ ಮಾರ್ಗಸೂಚಿ ಅವಕಾಶ ಕೊಟ್ಟಿದೆ. ಕನಿಷ್ಠ ಗಟ್ಟಿ ಚಾವಣಿಯಿರುವ ಸಣ್ಣ ಮನೆಗಳಲ್ಲಾದರೂ ಹೆಸ್ಕಾಂ ಈ ದಾರಿ ಹಿಡಿಯಬಹುದು. ಯೋಜನೆಗೆ ನಿಗದಿಯಾದ ಅವಧಿ 2026-27ನೇ ಆರ್ಥಿಕ ವರ್ಷದವರೆಗೆ ಮಾತ್ರ.